ಅಜ್ಜನ ಕೋವಿಗೆ ಯಾವ ಮದ್ದು?

ಭತ್ತ ಹಾಲುಗಾಳು ಕಟ್ಟಿತೆಂದರೆ ಮಲೆನಾಡಿನಲ್ಲಿ ಹಂದಿ ಕಾಯುವ ಕೆಲಸ ಶುರುವಾಗುತ್ತದೆ. ಗದ್ದೆಯ ಅಂಚಿನಲ್ಲಿ ಮಾಳ ಏಳುತ್ತದೆ. ಅಟ್ಟದಲ್ಲಿದ್ದ ಕೋವಿ ಕೆಳಗಿಳಿಯುತ್ತದೆ. ಈ ದಿನಗಳಲ್ಲಿ ನಾನು ಹಳ್ಳಿಗಳಿಗೆ ಹೋದಾಗ ಬೆಂಕಿರೋಗ, ಕಾಂಡಕೊರಕಗಳ ಮಾತು ಮುಗಿದ ಮೇಲೆ ಯಾರಾದರೂ ಒಬ್ಬರು ಮೆಲ್ಲಗೆ ಕೇಳುವುದುಂಟು: "ಸಾಹೇಬರೇ, ನಮ್ಮ ಅಜ್ಜನ ಕಾಲದ ಕೋವಿಯೊಂದಿದೆ. ಅದಕ್ಕೆ ಈಗಿನ ಮದ್ದು ಹಾಕಬಹುದೇ?" ಇದು ಕೃಷಿ ಇಲಾಖೆಯವರು ಉತ್ತರಿಸಬೇಕಾದ ಪ್ರಶ್ನೆಯಲ್ಲ ಎಂದು ಜಾರಿಕೊಳ್ಳಬಹುದು. ನಾನು ಹಾಗೆ ಮಾಡುವುದಿಲ್ಲ. ಅದಕ್ಕೆ ಕಾರಣವಿದೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ದೊಡ್ಡಪ್ಪನ ಬಳಿ ಒಂದು ಕೇಪಿನ ಕೋವಿ ಇತ್ತು. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಕರಿಮದ್ದು ಮುಗಿದುಹೋಯಿತು. ಮನೆಯಲ್ಲಿ ಮಳೆಗಾಲದ ಥಂಡಿಗೆ ಉಬ್ಬಿಹೋಗಿದ್ದ ನಾಲ್ಕಾರು ಕಾಗದದ ತೋಟೆಗಳಿದ್ದವು. ಅವನ್ನು ಬಿಚ್ಚಿ, ಒಳಗಿದ್ದ ಮದ್ದನ್ನು ಒಟ್ಟುಮಾಡಿ, ಎಂದಿನ ಅಳತೆಯ ಕೊಂಬಿನಿಂದಲೇ ಅಳೆದು ನಳಿಗೆಗೆ ಸುರಿದರು. ಅಂದು ರಾತ್ರಿ ನಳಿಗೆ ಸೀಳಿ ಎಡಗೈಯ ಎರಡು ಬೆರಳು ಹೋದವು. ಕೋವಿ ಒಡೆದಾಗ ಬಹುಮಟ್ಟಿಗೆ ಪೆಟ್ಟಾಗುವುದು ಎಡಗೈಗೇ, ಏಕೆಂದರೆ ನಳಿಗೆಯ ಅಡಿಯಲ್ಲಿ ಇರುವುದು ಅದು. ದೊಡ್ಡಪ್ಪ ಮುಂದೆ ಇಪ್ಪತ್ತು ವರ್ಷ ಬದುಕಿದರು. ಅಡಿಕೆ ಸುಲಿಯಲು ಮಾತ್ರ ಆಗಲಿಲ್ಲ.

ಅವರು ಮಾಡಿದ ತಪ್ಪು ಒಂದೇ: ಎರಡು ಬೇರೆ ಬೇರೆ ಮದ್ದುಗಳನ್ನು ಒಂದೇ ಕೊಂಬಿನಿಂದ ಅಳೆದದ್ದು.

ಎರಡು ಮದ್ದು, ಎರಡು ಗುಣ

ಕರಿಮದ್ದು ಹಳೆಯದು. ಪೆಟ್ಲುಪ್ಪು, ಇದ್ದಲು, ಗಂಧಕ ಈ ಮೂರು ಸೇರಿದ್ದು. ಹೊತ್ತಿದಾಗ ದಟ್ಟ ಬಿಳಿಹೊಗೆ ಬಿಡುತ್ತದೆ, ನಳಿಗೆಯಲ್ಲಿ ಮಸಿ ಉಳಿಸುತ್ತದೆ. ಕಾಳಿನ ಗಾತ್ರ ಸಣ್ಣದಾದಷ್ಟೂ ಬೇಗ ಉರಿಯುತ್ತದೆ.

ನೈಟ್ರೋ ಮದ್ದು ಅಥವಾ ಹೊಗೆರಹಿತ ಮದ್ದು ಬೇರೆಯೇ ಜಾತಿ. ಹತ್ತಿ ಇಲ್ಲವೆ ಮರದ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ತಯಾರಿಸುವಂಥದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ರೈಫಲ್ಲಿಗೆ ಹೊಂದುವ ಇಂಥ ಮದ್ದನ್ನು ತಯಾರಿಸಿದರು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಬ್ಯಾಲಿಸ್ಟೈಟ್ ಎಂಬುದನ್ನು ತಂದರು. ಕರಿಮದ್ದಿಗಿಂತ ಎಷ್ಟೋ ಕಡಿಮೆ ತೂಕದಲ್ಲಿ ಅಷ್ಟೇ ಕೆಲಸ ಮಾಡುವುದು ಇದರ ಹೆಚ್ಚುಗಾರಿಕೆ. ಅಪಾಯವೂ ಅಲ್ಲಿಯೇ ಇದೆ. ಈ ಮದ್ದು ಒತ್ತಡ ಏರಿದಷ್ಟೂ ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಕರಿಮದ್ದು ಸ್ವಲ್ಪ ಹೆಚ್ಚಾದರೆ ಭುಜಕ್ಕೆ ಜೋರಾಗಿ ಒದೆಯಬಹುದು. ನೈಟ್ರೋ ಮದ್ದು ಸ್ವಲ್ಪ ಹೆಚ್ಚಾದರೂ ನಳಿಗೆ ತಾಳುವ ಮಿತಿಯನ್ನು ದಾಟಿಬಿಡಬಹುದು.

ರೈತರಿಗೆ ಇದನ್ನು ಗೊಬ್ಬರದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ ನೂರಕ್ಕೆ ಸುಮಾರು 21 ಭಾಗ, ಯೂರಿಯಾದಲ್ಲಿ 46. ಅದರ ಒಂದು ಬುಟ್ಟಿಯ ಬದಲು ಇದರ ಒಂದು ಬುಟ್ಟಿ ಎರಚಿದರೆ ಪೈರು ಸುಡುತ್ತದೆ. ಗೊಬ್ಬರದಲ್ಲಿ ಒಂದು ಬೆಳೆ ಹೋಗುತ್ತದೆ, ಮುಂದಿನ ಬೆಳೆ ಬರುತ್ತದೆ.

ಯುರೋಪಿನಲ್ಲಿಯೂ ಈ ಗೊಂದಲ ಬಹಳ ಬೆರಳುಗಳನ್ನು ತಿಂದಿದೆ. ಮೊದಮೊದಲು ಬಂದ ಷುಲ್ಟ್ಸೆ, ಇ.ಸಿ. ಮುಂತಾದ ನೈಟ್ರೋ ಮದ್ದುಗಳನ್ನು ಕರಿಮದ್ದಿನ ಅಳತೆಯ ಬಟ್ಟಲಿನಲ್ಲೇ ಅಳೆಯಬಹುದಾದಷ್ಟು ಹಗುರವಾಗಿ, ಹಿಗ್ಗಿಸಿ ಮಾಡಿದ್ದರು. ಆಮೇಲೆ ಬ್ಯಾಲಿಸ್ಟೈಟಿನಂತಹ ದಟ್ಟ ಮದ್ದುಗಳು ಬಂದವು. ಜನ ಅದೇ ಬಟ್ಟಲಿನಲ್ಲಿ ಇದನ್ನೂ ಅಳೆದರು. ನಮ್ಮ ದೊಡ್ಡಪ್ಪ ಮಾಡಿದ್ದೂ ಅದನ್ನೇ, ಎಷ್ಟೋ ವರ್ಷ ತಡವಾಗಿ.

ತೋಟೆಯ ಪೆಟ್ಟಿಗೆಯ ಮೇಲೆ ಕೆಲವೊಮ್ಮೆ "3 ಡ್ರಾಮ್ ಸಮಾನ" ಎಂಬರ್ಥದ ಬರಹ ಇರುತ್ತದೆ. ಇದನ್ನು ಓದಿ ಮೋಸಹೋದವರಿದ್ದಾರೆ. 3 ಡ್ರಾಮ್ ಎಂದರೆ 82 ಗ್ರೇನ್, ಅಂದರೆ ಸುಮಾರು 5.3 ಗ್ರಾಂ. ಆ ತೋಟೆಯಲ್ಲಿ ಅಷ್ಟು ಮದ್ದಿದೆ ಎಂದು ಇದರ ಅರ್ಥವಲ್ಲ. 3 ಡ್ರಾಮ್ ಕರಿಮದ್ದು ಚರೆಯನ್ನು ಎಷ್ಟು ವೇಗವಾಗಿ ತಳ್ಳುತ್ತಿತ್ತೋ ಅಷ್ಟೇ ವೇಗವಾಗಿ ಈ ತೋಟೆ ತಳ್ಳುತ್ತದೆ ಎಂದಷ್ಟೇ ಅರ್ಥ. ಒಳಗಿರುವ ನೈಟ್ರೋ ಮದ್ದು ಅದರ ಮೂರನೆಯ ಒಂದು ಭಾಗದಷ್ಟೂ ಇರಲಾರದು.

ಕೋವಿಯ ಜಾತಕ ಅದರ ಹೊಟ್ಟೆಯ ಕೆಳಗಿದೆ

ಮದ್ದು ಯಾವುದು ಎಂದು ಕೇಳುವ ಮೊದಲು ಕೋವಿ ಯಾವುದು ಎಂದು ಕೇಳಬೇಕು. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಕಾಫಿ ತೋಟದ ದೊರೆಗಳ ಕಾಲದಿಂದ ಉಳಿದುಬಂದ ಇಂಗ್ಲೆಂಡಿನ ಕೋವಿಗಳು ಸಾಕಷ್ಟಿವೆ. ಬೆಲ್ಜಿಯಮ್ಮಿನ ಲಿಯೇಜ್ ಊರಿನವೂ ಇವೆ. ಇವುಗಳ ಮೇಲ್ಭಾಗದಲ್ಲಿ ಕೆತ್ತಿದ ಅಂಗಡಿಯ ಹೆಸರನ್ನು ನೋಡಿ ಬೀಗುವವರು ಹೆಚ್ಚು. ಆ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಕೋವಿಯಲ್ಲಿ ತೋಟೆಯಿಲ್ಲವೆಂದು ಎರಡು ಸಲ ನೋಡಿಕೊಂಡು, ಮುಂದಿನ ಮರವನ್ನು ಕಳಚಿ, ನಳಿಗೆಯನ್ನು ಬೇರ್ಪಡಿಸಿ ತಿರುಗಿಸಿ ಹಿಡಿಯಿರಿ. ಹಿಂಭಾಗದ ಚಪ್ಪಟೆ ಜಾಗದಲ್ಲಿ ಚಿಕ್ಕ ಚಿಕ್ಕ ಮುದ್ರೆಗಳು ಕಾಣುತ್ತವೆ. ಎಣ್ಣೆ ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದು ಓದಬೇಕು.

ಇವು ಪರೀಕ್ಷಾ ಮುದ್ರೆಗಳು. ಲಂಡನ್ನಿನಲ್ಲಿ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯಿದೆಯಿಂದ ಆದದ್ದು. ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಯಲ್ಲೂ ಬಳಕೆಯ ಪ್ರಮಾಣಕ್ಕಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿದರೆ ಮುದ್ರೆ ಒತ್ತುತ್ತಿದ್ದರು. 1896ರ ತನಕ ಈ ಮುದ್ರೆಗಳೆಲ್ಲ ಕರಿಮದ್ದಿನ ಪರೀಕ್ಷೆಯವು. ಆ ವರ್ಷದಿಂದ ನೈಟ್ರೋ ಪರೀಕ್ಷೆಗೆ ಬೇರೆ ಮುದ್ರೆ ಬಂತು. ಇಂಗ್ಲೆಂಡಿನ ಕೋವಿಯಲ್ಲಿ "ನೈಟ್ರೋ ಪ್ರೂಫ್" ಎಂಬ ಪೂರ್ತಿ ಬರಹವೋ ಅದರ ಮೊದಲೆರಡು ಇಂಗ್ಲಿಷ್ ಅಕ್ಷರಗಳಾದ ಎನ್.ಪಿ. ಎಂಬುದೋ ಇದೆಯೇ ನೋಡಿ. ಲಿಯೇಜಿನ ಕೋವಿಯಲ್ಲಿ ಪಿ.ವಿ. ಅಕ್ಷರಗಳ ಮೇಲೆ ಸಿಂಹದ ಚಿತ್ರ ಇದ್ದರೆ ಅದು ನೈಟ್ರೋ ಪರೀಕ್ಷೆಗೆ ಸಂದದ್ದು. ಇವು ಇಲ್ಲದಿದ್ದರೆ ಆ ಕೋವಿ ಕರಿಮದ್ದಿನದೆಂದೇ ತಿಳಿಯತಕ್ಕದ್ದು. ಯಾರು ಏನೇ ಹೇಳಲಿ.

"ನಾಟ್ ಫಾರ್ ಬಾಲ್" ಎಂಬ ಬರಹವೂ ಕೆಲವದರಲ್ಲಿ ಇರುತ್ತದೆ. ಇದು 1875ರಿಂದ 1887ರ ನಡುವಿನ ಮುದ್ರೆ. ಬಾಯಿ ಕಿರಿದಾಗಿಸಿದ ನಳಿಗೆ, ಇದರಲ್ಲಿ ಒಂಟಿ ಗುಂಡು ಹಾರಿಸಕೂಡದು ಎಂದರ್ಥ. ಹಂದಿಗೆಂದು ಗುಂಡು ತುಂಬುವ ಹಳೆಯ ಅಭ್ಯಾಸ ಇರುವವರು ಗಮನಿಸಬೇಕು.

ನಳಿಗೆಯ ಮೇಲೆ ಹಾವಿನ ಪೊರೆಯಂತೆ, ಬೀಟೆ ಮರದ ಗೆರೆಯಂತೆ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಕಾಯಿಸಿ ಬೆಸೆದದ್ದು. ನೋಡಲು ಬಹಳ ಚಂದ. ಡಮಾಸ್ಕಸ್ ಎಂದೊಡನೆ ಕೆಟ್ಟದ್ದೆಂದು ಹೇಳುವುದು ಸರಿಯಲ್ಲ. ನೈಟ್ರೋ ಪರೀಕ್ಷೆಯಲ್ಲಿ ಗೆದ್ದ ಡಮಾಸ್ಕಸ್ ಕೋವಿಗಳು ಇಂಗ್ಲೆಂಡಿನಲ್ಲಿ ಇಂದಿಗೂ ಬಳಕೆಯಲ್ಲಿವೆ. ಆದರೆ ಆ ಸಾವಿರ ಬೆಸುಗೆಗಳ ನಡುವೆ ತುಕ್ಕು ಎಲ್ಲಿ ಹೊಕ್ಕಿದೆಯೆಂದು ಹೊರಗಿನಿಂದ ಕಾಣುವುದಿಲ್ಲ, ಮತ್ತು ನಮ್ಮ ಮಳೆ ಇಂಗ್ಲೆಂಡಿನ ಮಳೆಯಲ್ಲ. ನುಣುಪು ಉಕ್ಕಿನ ನಳಿಗೆ ಎಂದ ಮಾತ್ರಕ್ಕೆ ಗಟ್ಟಿ ಎಂದೂ ಅಲ್ಲ. 1880ರ ದಶಕದ ಎಷ್ಟೋ ಉಕ್ಕಿನ ಕೋವಿಗಳು ಕರಿಮದ್ದಿನ ಪರೀಕ್ಷೆಗೆ ಮಾತ್ರ ಸಂದವು.

ಒಳಗೆ ಹೋಗುತ್ತದೆ, ಹಾಗಾದರೆ ಸರಿ?

ಹೆಚ್ಚಿನ ರೈತರು ಎಡವುವುದು ಇಲ್ಲಿ. ಹಳೆಯ ಇಂಗ್ಲಿಷ್ ಹನ್ನೆರಡರ ಕೋವಿಗಳಲ್ಲಿ ತೋಟೆ ಕೂರುವ ಕೋಣೆಯ ಉದ್ದ ಸಾಮಾನ್ಯವಾಗಿ ಎರಡೂವರೆ ಅಂಗುಲ. ಇದನ್ನೇ 65 ಮಿಲಿಮೀಟರ್ ಎಂದು ಕರೆಯುವ ರೂಢಿ. ಈಗಿನ ಕೋವಿಗಳದ್ದು ಎರಡೂಮುಕ್ಕಾಲು ಅಂಗುಲ, ಅಂದರೆ 70 ಮಿಲಿಮೀಟರ್, ಕೆಲವದರಲ್ಲಿ ಇನ್ನೂ ಹೆಚ್ಚು. 70ರ ತೋಟೆಯನ್ನು 65ರ ಕೋಣೆಗೆ ಹಾಕಿದರೆ ತಡೆಯಿಲ್ಲದೆ ಒಳಗೆ ಹೋಗುತ್ತದೆ, ಕೋವಿಯೂ ಮುಚ್ಚುತ್ತದೆ. ಏಕೆಂದರೆ ತೋಟೆಯ ಬಾಯಿ ಮಡಚಿರುತ್ತದೆ. ಪೆಟ್ಟಿಗೆಯ ಮೇಲಿನ 70 ಎಂಬ ಸಂಖ್ಯೆ ಹಾರಿಸಿದ ಮೇಲೆ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹಾರುವ ಕ್ಷಣದಲ್ಲಿ ಆ ಮಡಿಕೆ ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ, ಚರೆ ಹೋಗಬೇಕಾದ ದಾರಿಯನ್ನು ಬಿಗಿಮಾಡುತ್ತದೆ. ಆಗ ಒತ್ತಡ ಏರುತ್ತದೆ. ಅಮೆರಿಕದ ಕಾರ್ಖಾನೆಗಳ ಮಾನದಂಡದಲ್ಲಿ 70ರ ಹನ್ನೆರಡರ ತೋಟೆಗೆ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 11,500 ಪೌಂಡು. ಕರಿಮದ್ದಿನ ಕಾಲದ ಕೋವಿಯನ್ನು ಇಷ್ಟು ಒತ್ತಡಕ್ಕೆಂದು ಮಾಡಿರಲಿಲ್ಲ.

ಕಳೆದ ಬಾರಿ ನನ್ನ ಬಳಿ ಬಂದ ರೈತರೊಬ್ಬರ ಕೋವಿಯ ಸ್ಥಿತಿ ಹೀಗೇ ಇತ್ತು. ಬರ್ಮಿಂಗ್‌ಹ್ಯಾಮಿನದು, ಡಮಾಸ್ಕಸ್ ನಳಿಗೆ, ಎನ್.ಪಿ. ಮುದ್ರೆ ಇಲ್ಲ, ಕೋಣೆ 65. ಅವರು ಪೇಟೆಯಿಂದ 70ರ ಹೊಸ ತೋಟೆ ಒಂದು ಪೆಟ್ಟಿಗೆ ತಂದಿದ್ದರು, ಹತ್ತು ಹಾರಿಸಿಯೂ ಆಗಿತ್ತು. "ಏನೂ ಆಗಲಿಲ್ಲವಲ್ಲ" ಎಂದರು. ಹಳೆಯ ಮರದ ಸಂಕದ ಮೇಲೆ ಹತ್ತು ಸಲ ಗಾಡಿ ದಾಟಿಸಿದವನು ಹನ್ನೊಂದನೆಯ ಸಲಕ್ಕೂ ಅದನ್ನೇ ಹೇಳುತ್ತಾನೆ.

ಅವರ ಮುಂದಿನ ಪ್ರಶ್ನೆ ಜಾಣತನದ್ದು. "ಹಾಗಾದರೆ ಹಿತ್ತಾಳೆ ತೋಟೆಗೆ ನೈಟ್ರೋ ಮದ್ದನ್ನೇ ಅರ್ಧ ಅಳತೆ ಹಾಕಿದರೆ?" ಹಲವರು ಹೀಗೆ ಯೋಚಿಸುತ್ತಾರೆ. ಅದೂ ಆಗದು. ನೈಟ್ರೋ ಮದ್ದು ಸರಿಯಾಗಿ ಉರಿಯಲು ಒಂದು ಮಟ್ಟದ ಒತ್ತಡ ಬೇಕು. ತೀರ ಕಡಿಮೆಯಾದರೆ ಅರೆಬರೆ ಉರಿದು ಟುಸ್ ಎನ್ನುತ್ತದೆ, ಬಿರಡೆ ನಳಿಗೆಯ ನಡುವಿನಲ್ಲೇ ಕೂತುಬಿಡುತ್ತದೆ. ಕತ್ತಲಲ್ಲಿ ಅದು ಗೊತ್ತಾಗದೆ ಎರಡನೆಯ ತೋಟೆ ಹಾಕಿದರೆ ನಳಿಗೆ ಒಡೆಯುತ್ತದೆ.

ಬೇರೆ ದೇಶಗಳಲ್ಲಿ ಹೇಗೆ ಮಾಡುತ್ತಾರೆ?

ಅಮೆರಿಕ, ಇಂಗ್ಲೆಂಡುಗಳಲ್ಲಿ ಹಳೆಯ ಕೋವಿಗಳಿಗೆ ತಾವೇ ತೋಟೆ ತುಂಬಿಕೊಳ್ಳುವ ಹವ್ಯಾಸಿಗಳು ಬಹಳ. ಅವರು ಮದ್ದನ್ನು ಆರಿಸುವ ಕ್ರಮ ತಿಳಿಯತಕ್ಕದ್ದು. "ಎಷ್ಟು ಬಲ?" ಎಂದು ಅವರು ಕೇಳುವುದಿಲ್ಲ, "ಎಷ್ಟು ಬೇಗ?" ಎಂದು ಕೇಳುತ್ತಾರೆ. ನೈಟ್ರೋ ಮದ್ದುಗಳಲ್ಲಿ ಬೇಗ ಉರಿಯುವವು, ನಿಧಾನವಾಗಿ ಉರಿಯುವವು ಎಂದು ಬಗೆಗಳಿವೆ. ರೆಡ್ ಡಾಟ್ ಎಂಬುದು ಬೇಗ ಉರಿಯುವಂಥದ್ದು; ಯೂನಿಕ್ ಎಂಬುದು ಅದಕ್ಕಿಂತ ನಿಧಾನ. ಅದೇ ತೂಕದ ಚರೆಯನ್ನು ಅದೇ ವೇಗಕ್ಕೆ ತರುವಾಗ ಬೇಗ ಉರಿಯುವ ಮದ್ದು ಸುತ್ತಿಗೆಯಿಂದ ಹೊಡೆದಂತೆ, ನಿಧಾನದ ಮದ್ದು ಹೆಗಲುಕೊಟ್ಟು ನೂಕಿದಂತೆ. ಗಾಡಿ ಎರಡರಲ್ಲೂ ಮುಂದೆ ಹೋಗುತ್ತದೆ, ಅಚ್ಚಿಗೆ ಬೀಳುವ ಪೆಟ್ಟು ಬೇರೆ. ಆದ್ದರಿಂದ ಹಳೆಯ ಕೋವಿಗೆ ನಿಧಾನದ ಮದ್ದು, ಹಗುರ ಚರೆ, ಕಡಿಮೆ ವೇಗ ಎಂಬುದು ಅವರ ಸೂತ್ರ. ಹಿಂದೆ ಇದಕ್ಕೆ ಮೆಚ್ಚಿನದಾಗಿದ್ದ ಪಿ.ಬಿ., ಎಸ್.ಆರ್. 7625 ಎಂಬ ಮದ್ದುಗಳ ತಯಾರಿಕೆ ಈಗ ನಿಂತಿದೆ.

ಆದರೆ ಅವರು ಇದನ್ನೆಲ್ಲ ಅಂದಾಜಿನಲ್ಲಿ ಮಾಡುವುದಿಲ್ಲ. ಮದ್ದಿನ ಕಂಪನಿಯವರು ಪರೀಕ್ಷಾಲಯದಲ್ಲಿ ಒತ್ತಡ ಅಳೆದು ಪಟ್ಟಿ ಅಚ್ಚುಹಾಕುತ್ತಾರೆ: ಈ ತೋಟೆ, ಈ ಕೇಪು, ಈ ಬಿರಡೆ, ಇಷ್ಟು ಚರೆ, ಇಷ್ಟು ಮದ್ದು. ಇದರಲ್ಲಿ ಒಂದನ್ನು ಬದಲಿಸಿದರೂ ಲೆಕ್ಕ ಕೆಡುತ್ತದೆ. ಕೇಪು ಒಂದನ್ನು ಬದಲಾಯಿಸಿದರೇ ಒತ್ತಡ ಚದರ ಅಂಗುಲಕ್ಕೆ ಸಾವಿರ ಪೌಂಡಿಗೂ ಹೆಚ್ಚು ಏರಿದ್ದುಂಟು. ಹಳೆಯ ಕಂಬಳಿ ಬಿರಡೆಯ ಜಾಗದಲ್ಲಿ ಈಗಿನ ಪ್ಲಾಸ್ಟಿಕ್ ಬಿರಡೆ ಹಾಕಿದರೆ ಅದು ಅನಿಲವನ್ನು ಬಿಗಿಯಾಗಿ ತಡೆಯುವುದರಿಂದಲೂ ಏರುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ಪಟ್ಟಿಯಿಲ್ಲ, ಆ ಕೇಪಿಲ್ಲ, ಗ್ರೇನ್ ತೂಗುವ ತಕ್ಕಡಿಯಿಲ್ಲ. ಹೆಸರಿಲ್ಲದ ಡಬ್ಬಿಯಲ್ಲಿ ಯಾರೋ ಕೊಟ್ಟ ಮದ್ದಿದೆ. ಮದ್ದಿನ ಬಣ್ಣ, ಕಾಳು ನೋಡಿ ಅದರ ಜಾತಿ ಹೇಳಲು ಯಾರಿಂದಲೂ ಆಗದು. ಅಂಥ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಿಂದ ಇಳಿಸಿ, ಪರವಾನಗಿಯುಳ್ಳ ವ್ಯಾಪಾರಿಗೋ ಠಾಣೆಗೋ ತಿಳಿಸಿ ಒಪ್ಪಿಸುವುದು ಲೇಸು. ಡಬ್ಬಿ ತೆರೆದಾಗ ಹುಳಿ ಘಾಟು ಬಂದರೆ, ಒಳಗೆ ಕೆಂಪು ದೂಳು ಕಂಡರೆ ನೈಟ್ರೋ ಮದ್ದು ಕೊಳೆಯುತ್ತಿದೆ ಎಂದರ್ಥ, ತಡಮಾಡಕೂಡದು.

ಕಾನೂನಿನ ಮಾತೂ ಇದೆ. 1959ರ ಶಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯ ಪರವಾನಗಿ ಕೊಡುವ ವಿಚಾರ ಅದೇ ಕಾಯಿದೆಯ 13ನೆಯ ಕಲಮಿನಲ್ಲಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಗಿದೆ. ಅದು ಪರವಾನಗಿಯ ವಿನಾಯಿತಿ, ನಳಿಗೆ ಸಿಡಿಯುವುದರಿಂದ ವಿನಾಯಿತಿಯಲ್ಲ. ಕೋವಿ ಇಟ್ಟುಕೊಳ್ಳುವ ಹಕ್ಕಿದ್ದರೂ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕು ಅದರಿಂದ ಬರುವುದಿಲ್ಲ; 1972ರ ವನ್ಯಜೀವಿ ಕಾಯಿದೆ ಇದೆ. ಬಹಳ ಮಂದಿಗೆ ಬೇಕಾಗಿರುವುದು ಹೇಗೂ ಸದ್ದು ಮಾತ್ರ.

ಕೇಪಿನ ಕೋವಿಯವರಿಗೆ

ಬಾಯಿಂದ ತುಂಬುವ ಕೋವಿಗೆ ಕರಿಮದ್ದು ಒಂದೇ. ಪರವಾನಗಿಯ ಮೇಲೆ, ಪರವಾನಗಿಯುಳ್ಳ ಅಂಗಡಿಯಿಂದ, ಕೋವಿಗೆಂದು ಕಾಳು ಮಾಡಿದ ಮದ್ದನ್ನೇ ಕೊಳ್ಳಬೇಕು. ನೈಟ್ರೋ ಮದ್ದು ಒಂದು ಚಿಟಿಕೆಯೂ ಬೇಡ, ಕರಿಮದ್ದಿನ ಜೊತೆ ಬೆರೆಸಿಯೂ ಬೇಡ. ಬೆಂಕಿಕಡ್ಡಿಯ ತಲೆ ಕೆರೆದ ಪುಡಿ, ಪಟಾಕಿ ಬಿಚ್ಚಿದ ಮದ್ದು, ಕಲ್ಲುಕ್ವಾರಿಯ ಮದ್ದು ಇವನ್ನೆಲ್ಲ ಹಾಕಿದವರನ್ನು ಕಂಡಿದ್ದೇನೆ. ಇವು ಉರಿಯುವ ರೀತಿಯೇ ಬೇರೆ. ಥಂಡಿಗೆ ಗಟ್ಟಿಯಾದ ಕರಿಮದ್ದನ್ನು ಕುಟ್ಟಿ ಪುಡಿಮಾಡಿ ಬಳಸುವುದೂ ತಪ್ಪು. ಪುಡಿಯಾದಷ್ಟೂ ಅದು ಬೇಗ ಉರಿಯುತ್ತದೆಂದು ಮೇಲೆ ಹೇಳಿದ್ದೇನೆ, ಕುಟ್ಟುವಾಗಲೇ ಹೊತ್ತಿಕೊಳ್ಳಲೂಬಹುದು.

ಮದ್ದಿಗೂ ಬಿರಡೆಗೂ ನಡುವೆ ಖಾಲಿ ಜಾಗ ಉಳಿಯದಂತೆ ಗಜದಿಂದ ತಳದವರೆಗೆ ತಳ್ಳಬೇಕು. ನಡುವೆ ಗಾಳಿ ಉಳಿದರೆ ಆ ಜಾಗದಲ್ಲಿ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಗಜದ ಮೇಲೆ ಎರಡು ಗೆರೆ ಕೊರೆದಿಡಿ: ನಳಿಗೆ ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೆ, ಒಂದು ಈಡು ಇದ್ದಾಗ ಎಲ್ಲಿಯವರೆಗೆ ಎಂದು. ಮಾಳದಲ್ಲಿ ತೂಕಡಿಸುತ್ತ ಒಂದರ ಮೇಲೊಂದು ಈಡು ತುಂಬುವ ಅಪಾಯ ಇದರಿಂದ ತಪ್ಪುತ್ತದೆ. ಒಮ್ಮೆ ಹಾರಿಸಿದ ಕೂಡಲೇ ಮತ್ತೆ ತುಂಬಬೇಡಿ, ಒಳಗೆ ಕೆಂಡ ಉಳಿದಿರಬಹುದು.

ಚುನಾವಣೆಯ ಕಾಲದಲ್ಲಿ ಠಾಣೆಗೆ ಕೊಟ್ಟು ತಿಂಗಳುಗಟ್ಟಲೆ ಆದ ಮೇಲೆ ತಂದ ಕೋವಿಯನ್ನು ಬೆಳಕಿಗೆ ಹಿಡಿದು ನೋಡದೆ ತುಂಬಲೇಬಾರದು. ಕಣಜ ಮಣ್ಣಿನ ಗೂಡು ಕಟ್ಟಲು ಹನ್ನೆರಡರ ನಳಿಗೆಗಿಂತ ಒಳ್ಳೆಯ ಜಾಗ ಅದಕ್ಕೆ ಸಿಗದು. ಇಪ್ಪತ್ತರ ತೋಟೆಯೂ ಹನ್ನೆರಡರ ಕೋವಿಯೂ ಇರುವ ಮನೆಯಲ್ಲಿ ಇನ್ನೊಂದು ಎಚ್ಚರ: ಚಿಕ್ಕ ತೋಟೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಖಾಲಿಯಂತೆ ಕಾಣುತ್ತದೆ.

ಕರಿಮದ್ದಿನ ಮಸಿ ತೇವವನ್ನು ಎಳೆದುಕೊಳ್ಳುತ್ತದೆ. ಹಾರಿಸಿದ ಅದೇ ರಾತ್ರಿ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ಆಷಾಢದಲ್ಲಿ ಎರಡೇ ದಿನಕ್ಕೆ ಒಳಗೆ ತುಕ್ಕು ಕಾಣುತ್ತದೆ. ಬರೀ ಎಣ್ಣೆ ಬಟ್ಟೆ ಎಳೆದರೆ ಸಾಲದು, ಆ ಮಸಿ ಕರಗುವುದು ನೀರಿನಲ್ಲಿ. ತುಕ್ಕು ಕೊರೆದ ಗುಳಿಗಳು ನಳಿಗೆಯ ದಪ್ಪವನ್ನು ತಿನ್ನುತ್ತವೆ. ಪರೀಕ್ಷಾ ಮುದ್ರೆ ಹೇಳುವುದು ಅಂದಿನ ದಪ್ಪದ ಕಥೆಯನ್ನು, ಇಂದಿನದನ್ನಲ್ಲ. ಜೋಡಿ ನಳಿಗೆಯನ್ನು ಕಳಚಿ ದಾರದಲ್ಲಿ ತೂಗುಹಾಕಿ ಬೆರಳಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ನಡುವಿನ ಬೆಸುಗೆ ಸರಿಯಿದೆ. ಒಡಕು ಮಡಕೆಯಂತೆ ಸದ್ದಾದರೆ ಬಿಟ್ಟಿದೆ. ಗೋಡೆಯ ದಪ್ಪವನ್ನು ಮಾತ್ರ ಪರವಾನಗಿಯುಳ್ಳ ಕೋವಿ ದುರಸ್ತಿಗಾರರೇ ಅಳತೆಯ ಉಪಕರಣದಿಂದ ನೋಡಬೇಕು.

ಬರ್ಮಿಂಗ್‌ಹ್ಯಾಮಿನ ಕೋವಿಯ ಆ ರೈತರು ಉಳಿದ ಹದಿನೈದು ತೋಟೆಗಳನ್ನು ಕೊಂಡ ಅಂಗಡಿಗೇ ಒಪ್ಪಿಸಿ, ಪರವಾನಗಿ ಪುಸ್ತಕದಲ್ಲಿ ಬರೆಸಿಕೊಂಡರು. ದುರಸ್ತಿಗಾರರು ಅಳೆದು ನೋಡಿದಾಗ ಬಲ ನಳಿಗೆಯಲ್ಲಿ, ಕೋಣೆಯಿಂದ ಒಂದು ಗೇಣು ಮುಂದೆ, ಗುಳಿ ಬಿದ್ದು ತೆಳುವಾಗಿತ್ತು. ಎಡಗೈ ಹಿಡಿಯುವ ಜಾಗ. ಈಗ ಆ ಕೋವಿ ಕಬ್ಬಿಣದ ಬೀರುವಿನಲ್ಲಿದೆ, ಆಯುಧಪೂಜೆಯ ದಿನ ಹೊರಗೆ ಬರುತ್ತದೆ. ಗದ್ದೆಗೆ ಅವರು ಈ ವರ್ಷ ಸೌರಶಕ್ತಿಯ ಬೇಲಿ ಹಾಕಿಸಿದ್ದಾರೆ. ಅದರ ಖರ್ಚು, ಸಹಾಯಧನದ ವಿವರವನ್ನು ಮುಂದೊಂದು ವಾರ ಬರೆಯುತ್ತೇನೆ.